ರಾಜೀನಾಮೆ ಕೊಟ್ಟಾಯ್ತು, ಕುರ್ಚಿ ಬಿಟ್ಟಾಯ್ತಾ?

2025ರ ಜುಲೈ 21, ಸೋಮವಾರ. ಸಂಸತ್ತಿನ ಮುಂಗಾರು ಅಧಿವೇಶನದ ಮೊದಲ ದಿನ. ಉಪರಾಷ್ಟ್ರಪತಿ ಜಗದೀಪ್ ಧನಕರ್ ಹಗಲು ರಾಜ್ಯಸಭೆಯ ಸಭಾಪತಿ ಪೀಠದಲ್ಲಿ ಕೂತು ಕಲಾಪ ನಡೆಸಿದರು. ರಾತ್ರಿ ಹೊತ್ತಿಗೆ ರಾಷ್ಟ್ರಪತಿಗೆ ಪತ್ರ ಬರೆದು ಹುದ್ದೆ ಬಿಟ್ಟರು. ಕಾರಣ ಆರೋಗ್ಯ, ಜಾರಿ ತಕ್ಷಣದಿಂದ. ಎರಡು ವರ್ಷದ ಅವಧಿ ಇನ್ನೂ ಬಾಕಿ ಇತ್ತು. ನಿಜವಾದ ಕಾರಣ ಬೇರೆಯೇ ಇರಬೇಕು ಅಂತ ವಾರಗಟ್ಟಲೆ ಚರ್ಚೆಯಾಯಿತು. ಆದರೆ ಅವರು ಹುದ್ದೆಯಲ್ಲಿ ಇದ್ದಾರೋ ಇಲ್ಲವೋ ಅನ್ನುವುದರಲ್ಲಿ ಯಾರಿಗೂ ಗೊಂದಲ ಇರಲಿಲ್ಲ.

ಈಗ ಆರು ವರ್ಷ ಹಿಂದಕ್ಕೆ ಹೋಗೋಣ. 2019ರ ಜುಲೈ 6, ಶನಿವಾರ. ಕರ್ನಾಟಕದ ಕಾಂಗ್ರೆಸ್ ಮತ್ತು ಜೆಡಿಎಸ್ ಶಾಸಕರ ಗುಂಪೊಂದು ವಿಧಾನಸೌಧಕ್ಕೆ ಬಂದು, ಸ್ಪೀಕರ್ ಇಲ್ಲದ ಹೊತ್ತಿನಲ್ಲಿ ಅವರ ಕಚೇರಿಯಲ್ಲಿ ರಾಜೀನಾಮೆ ಪತ್ರ ಕೊಟ್ಟಿತು. ಅಲ್ಲಿಂದ ರಾಜಭವನ, ಅಲ್ಲಿಂದ ಮುಂಬೈ ಹೋಟೆಲು. ಇವರು ಶಾಸಕರಾಗಿ ಉಳಿದಿದ್ದಾರಾ, ಹೋದರಾ ಅನ್ನುವ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಪೂರ್ಣ ಉತ್ತರ ಸಿಕ್ಕಿದ್ದು ನವೆಂಬರ್ 13ಕ್ಕೆ.

ಪದ ಒಂದೇ, ರಾಜೀನಾಮೆ. ಅಲ್ಲಿ ಒಂದು ರಾತ್ರಿ ಸಾಕಾಯಿತು, ಇಲ್ಲಿ ನಾಲ್ಕು ತಿಂಗಳು ಹಿಡಿಯಿತು. ‘ರಾಜೀನಾಮೆ ಕೊಟ್ಟರು’, ‘ರಾಜೀನಾಮೆ ಅಂಗೀಕಾರ ಆಗಿಲ್ಲ’, ‘ರಾಜೀನಾಮೆ ವಾಪಸ್’ ಎಂಬ ಶೀರ್ಷಿಕೆಗಳು ಒಂದರ ಹಿಂದೊಂದು ಬಂದಾಗ ಓದುಗರು ತಬ್ಬಿಬ್ಬಾಗುವುದು ಸಹಜ. ಇದಕ್ಕೆ ರಾಜಕಾರಣಿಗಳ ಚಂಚಲತೆಯನ್ನು ದೂರುವುದು ಸುಲಭ. ಆದರೆ ಗೊಂದಲದ ಬೇರು ಬೇರೆ ಕಡೆ ಇದೆ. ಅಧಿಕಾರವನ್ನು ಯಾರು ಬಿಡುತ್ತಾರೆ ಅನ್ನುವುದಕ್ಕಿಂತ, ಅದನ್ನು ಬಿಟ್ಟದ್ದು ಯಾರ ಕೈಗೆ, ಆಮೇಲೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯ.

ಪತ್ರ ಯಾರ ಕೈಗೆ?

ರಾಜೀನಾಮೆ ಎಂಬ ಪದ ಪರ್ಷಿಯನ್ ಮೂಲದ್ದು. ರಾಜಿ ಅಂದರೆ ಒಪ್ಪಿಗೆ, ನಾಮೆ ಅಂದರೆ ಪತ್ರ. ಜಗಳ ಬಿಡಿಸುವಾಗ ‘ರಾಜಿ ಮಾಡ್ಕೊಳ್ಳಿ’ ಅಂತೀವಲ್ಲ, ಅದೇ ರಾಜಿ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದ ಕಂದಾಯ ವ್ಯವಸ್ಥೆಯಲ್ಲಿ ಜಮೀನು ಬಿಡುವ ರೈತ ಸರ್ಕಾರಕ್ಕೆ ರಾಜೀನಾಮೆ ಬರೆದುಕೊಡುತ್ತಿದ್ದ. ಅದೇ ಜಮೀನು ಹಿಡಿಯುವವನು ಕಬೂಲಾಯತಿ ಬರೆದುಕೊಡುತ್ತಿದ್ದ. ಒಬ್ಬ ಬಿಟ್ಟೆ ಅನ್ನಬೇಕು, ಇನ್ನೊಬ್ಬ ಹಿಡಿದೆ ಅನ್ನಬೇಕು. ಕಂದಾಯ ಕಟ್ಟುವವರು ಯಾರು ಅಂತ ಸರ್ಕಾರಕ್ಕೆ ಗೊತ್ತಾಗಬೇಕಲ್ಲ!

ನಮ್ಮ ಸಂವಿಧಾನ ಕೂಡ ಹುದ್ದೆಯಿಂದ ಹುದ್ದೆಗೆ ಬೇರೆ ಬೇರೆ ಲೆಕ್ಕ ಇಟ್ಟಿದೆ. ಉಪರಾಷ್ಟ್ರಪತಿ 67ನೇ ವಿಧಿಯಂತೆ ಸಹಿ ಮಾಡಿದ ಪತ್ರವನ್ನು ರಾಷ್ಟ್ರಪತಿಗೆ ಕೊಟ್ಟರೆ ಆಯಿತು. ‘ಒಪ್ಪಿದ್ದೇನೆ’ ಅಂತ ಯಾರೂ ಹೇಳಬೇಕಿಲ್ಲ. ರಾಷ್ಟ್ರಪತಿ ಬಿಡುವುದಾದರೆ ಪತ್ರ ಉಪರಾಷ್ಟ್ರಪತಿಗೆ. ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳದ್ದು ರಾಷ್ಟ್ರಪತಿಗೆ. ಮುಖ್ಯಮಂತ್ರಿಯದ್ದು ರಾಜ್ಯಪಾಲರಿಗೆ, ಮತ್ತು ಅವರ ಜೊತೆ ಇಡೀ ಸಂಪುಟವೇ ಬೀಳುತ್ತದೆ.

ಇಲ್ಲಿ ಒಂದು ತಮಾಷೆಯ ಸಂದರ್ಭವೂ ಆಗಿಹೋಗಿದೆ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಜುಲೈನಲ್ಲಿ ಅವರೇ ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು ಹೊರಟು ಹುದ್ದೆ ಬಿಟ್ಟರು. ಉಪರಾಷ್ಟ್ರಪತಿಯ ರಾಜೀನಾಮೆ ರಾಷ್ಟ್ರಪತಿಗೆ ಹೋಗಬೇಕು, ಆದರೆ ರಾಷ್ಟ್ರಪತಿಯ ಜಾಗದಲ್ಲಿ ಕೂತಿದ್ದವರೂ ಅವರೇ. ಇಬ್ಬರೂ ಇಲ್ಲದಿದ್ದರೆ ಮುಂದೆ ಯಾರು ಎಂಬುದನ್ನು ಸಂವಿಧಾನ ಹೇಳಿರಲಿಲ್ಲ. ಅದಕ್ಕೆಂದೇ ಸಂಸತ್ತು ಆ ವರ್ಷ ಕಾಯ್ದೆ ಮಾಡಿತ್ತು. ಹಾಗಾಗಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಸುಮಾರು ಐದು ವಾರ ರಾಷ್ಟ್ರಪತಿಯ ಕೆಲಸ ನೋಡಿಕೊಂಡರು. ಆಗಸ್ಟ್ 24ಕ್ಕೆ ಗಿರಿ ಗೆದ್ದು ವಾಪಸ್ ಬಂದರು.

ಶಾಸಕರಿಗೆ ಮಾತ್ರ ಯಾಕೆ ಈ ತಕರಾರು?

ಶಾಸಕರ ಮತ್ತು ಸಂಸದರ ರಾಜೀನಾಮೆಗೆ ಮಾತ್ರ ಸ್ಪೀಕರ್ ಅಥವಾ ಸಭಾಪತಿಯ ಅಂಗೀಕಾರ ಬೇಕು. ಮೊದಲು ಹೀಗಿರಲಿಲ್ಲ. ಆಗ ಪತ್ರ ಕೊಟ್ಟರೆ ಸ್ಥಾನ ಖಾಲಿ.

ಅದು ಬದಲಾಗಿದ್ದು 1974ರಲ್ಲಿ. ಗುಜರಾತಿನಲ್ಲಿ ಹಾಸ್ಟೆಲ್ ಮೆಸ್ ಶುಲ್ಕ ಏರಿದ್ದಕ್ಕೆ ಶುರುವಾದ ವಿದ್ಯಾರ್ಥಿಗಳ ಸಿಟ್ಟು ನವನಿರ್ಮಾಣ ಚಳವಳಿಯಾಗಿ ಬೆಳೆಯಿತು. ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ಹೋದರು. ಅಷ್ಟಕ್ಕೆ ನಿಲ್ಲಲಿಲ್ಲ, ವಿಧಾನಸಭೆಯೇ ವಿಸರ್ಜನೆ ಆಗಬೇಕು ಅಂತ ಪಟ್ಟು. ಶಾಸಕರ ಮನೆ ಮುಂದೆ ಜನ ಜಮಾಯಿಸಿದರು. ಅರ್ಧಕ್ಕಿಂತ ಹೆಚ್ಚು ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಬರೆದುಕೊಟ್ಟರು. ಮಾರ್ಚ್ ಮಧ್ಯಕ್ಕೆ ಸಭೆ ವಿಸರ್ಜನೆಯಾಯಿತು.

ಚಳವಳಿಗಾರರ ಕಣ್ಣಿಗೆ ಇದು ಜನಶಕ್ತಿ. ದೆಹಲಿಯ ಕಣ್ಣಿಗೆ ಇದು ಬಲವಂತ. ಅದೇ ವರ್ಷ 33ನೇ ತಿದ್ದುಪಡಿ ಬಂತು. ರಾಜೀನಾಮೆ ಸ್ವಇಚ್ಛೆಯದ್ದೇ, ನಿಜವಾದದ್ದೇ ಅಂತ ಸ್ಪೀಕರ್ ವಿಚಾರಿಸಬೇಕು. ಅಲ್ಲ ಅನ್ನಿಸಿದರೆ ಅಂಗೀಕರಿಸಬಾರದು. ಶಾಸಕರ ಹಣೆಗೆ ಬಂದೂಕು ಇಟ್ಟು ಸಹಿ ಹಾಕಿಸಿಕೊಳ್ಳುವುದನ್ನು ತಡೆಯಲು ಹಾಕಿದ ಬೇಲಿ ಇದು. ಮುಂದೆ ಹಣೆಗೆ ಬಂದೂಕಿನ ಬದಲು ಕಣ್ಣಿಗೆ ಮಂತ್ರಿಗಿರಿ ತೋರಿಸುವ ಕಾಲ ಬರುತ್ತದೆ ಅಂತ ತಿದ್ದುಪಡಿ ತಂದವರಿಗೆ ಹೊಳೆದಿರಲಿಕ್ಕಿಲ್ಲ.

113 ಇದ್ದದ್ದು 104 ಆಗುವ ಲೆಕ್ಕ

ಪಕ್ಷ ಬದಲಿಸಬೇಕೆಂದ ಶಾಸಕ ಸುಮ್ನೆ ಆ ಕಡೆ ಹೋಗಿ ಕೂರಬಹುದಲ್ಲ, ರಾಜೀನಾಮೆ ಯಾಕೆ ಕೊಡುತ್ತಾನೆ? ಕೂರಕ್ಕಾಗಲ್ಲ, ಅದಕ್ಕೆ.

1985ರ ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಪಕ್ಷ ಬಿಟ್ಟರೆ, ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿದರೆ ಸದಸ್ಯತ್ವ ಹೋಗುತ್ತದೆ. ಮೂರನೇ ಒಂದು ಭಾಗ ಒಡೆದು ಬಂದರೆ ರಿಯಾಯಿತಿ ಅಂತ ಇದ್ದದ್ದನ್ನು 2003ರಲ್ಲಿ ತೆಗೆದರು. ಈಗ ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ಸೇರಿ ವಿಲೀನ ಆಗಬೇಕು. ಅಷ್ಟು ಜನ ಸಿಗುವುದು ಕಷ್ಟ. ಹಾಗಾಗಿ ಅಡ್ಡದಾರಿ ಹುಡುಕಿದರು. ಎದುರು ಪಕ್ಷದವರನ್ನು ಈ ಕಡೆ ಎಳೆಯಲಾಗದಿದ್ದರೆ, ಸಭೆಯಿಂದಲೇ ಹೊರಗೆ ಕಳಿಸಿ. 2008ರಲ್ಲಿ ಬಿಜೆಪಿಗೆ 110 ಸ್ಥಾನ ಬಂದು ಬಹುಮತಕ್ಕೆ ಮೂರು ಕಡಿಮೆಯಾದಾಗ ಈ ದಾರಿ ತುಳಿದರು. ‘ಆಪರೇಷನ್ ಕಮಲ’ ಎಂಬ ಹೆಸರು ಹುಟ್ಟಿದ್ದು ಆಗಲೇ.

2019ರ ಲೆಕ್ಕ ನೋಡಿ. ವಿಧಾನಸಭೆಯ ಚುನಾಯಿತ ಸ್ಥಾನ 224, ಬಹುಮತಕ್ಕೆ 113. ಬಿಜೆಪಿ ಹತ್ತಿರ ಇದ್ದದ್ದು 105. ಇನ್ನೂ ಎಂಟು ಜನ ಬೇಕು. ಆದರೆ 17 ಜನ ಸಭೆಯಿಂದ ಹೊರಗೆ ಹೋದರೆ ಉಳಿಯುವುದು 207. ಆಗ 104 ಸಾಕು. ಬಿಜೆಪಿಗೆ ಒಬ್ಬನೇ ಒಬ್ಬ ಶಾಸಕ ಜಾಸ್ತಿ ಬರದೆ ಬಹುಮತ ಬಂತು.

ಅಂದರೆ ಇಲ್ಲಿ ರಾಜೀನಾಮೆ ಅಧಿಕಾರ ಬಿಡುವ ಕೆಲಸವೇ ಅಲ್ಲ, ಅಧಿಕಾರ ಸಾಗಿಸುವ ಕೆಲಸ. ಶಾಸಕ ತನ್ನ ಕುರ್ಚಿ ಬಿಡುತ್ತಾನೆ, ಸರ್ಕಾರದ ಕುರ್ಚಿ ಕೈ ಬದಲಾಗುತ್ತದೆ. ಆಮೇಲೆ ಉಪಚುನಾವಣೆಯಲ್ಲಿ ತನ್ನ ಕುರ್ಚಿ ತಾನು ವಾಪಸ್ ಪಡೆಯುತ್ತಾನೆ. ಈ ವ್ಯವಹಾರದಲ್ಲಿ ಕಬೂಲಾಯತಿ ಬರೆಯುವವರೂ ಅವರೇ.

ಕುರ್ಚಿ ಬಿಡಲು ಓಟ

ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಆವರೆಗೆ ಬಂದಿದ್ದ ಪತ್ರಗಳನ್ನು ನೋಡಿ, 13ರಲ್ಲಿ 8 ಕ್ರಮಬದ್ಧವಾಗಿಲ್ಲ ಅಂದರು. ಲೋಕಸಭೆಯ ನಿಯಮದಲ್ಲಿ ರಾಜೀನಾಮೆ ಅಂದರೆ ಒಂದೇ ವಾಕ್ಯ. ಇಂಥ ದಿನದಿಂದ ನನ್ನ ಸ್ಥಾನಕ್ಕೆ ರಾಜೀನಾಮೆ ಸಲ್ಲಿಸುತ್ತೇನೆ, ಅಷ್ಟೇ. ಕಾರಣ, ಕಥೆ, ನೋವು ಏನೂ ಬೇಡ. ಕರ್ನಾಟಕದ ನಿಯಮಗಳಲ್ಲೂ ನಿಗದಿತ ನಮೂನೆ ಇದೆ.

ಶಾಸಕರು ಸುಪ್ರೀಂ ಕೋರ್ಟಿಗೆ ಹೋದರು. ಜುಲೈ 11ರ ಸಂಜೆ 6ರೊಳಗೆ ಸ್ಪೀಕರ್ ಮುಂದೆ ಹಾಜರಾಗಿ ಅಂತ ಕೋರ್ಟ್ ಹೇಳಿತು. ವಿಶೇಷ ವಿಮಾನದಲ್ಲಿ ಮುಂಬೈನಿಂದ ಬಂದರು. ಗಡುವು ಮೀರುತ್ತದೆ ಅಂತ ಶಾಸಕರೊಬ್ಬರು ವಿಧಾನಸೌಧದಲ್ಲಿ ಓಡಿಕೊಂಡು ಹೋದ ದೃಶ್ಯ ಎಲ್ಲ ಚಾನೆಲ್‌ಗಳಲ್ಲೂ ಬಂತು. ಕುರ್ಚಿಗಾಗಿ ಓಡುವವರನ್ನು ನಾಡು ನೋಡಿದೆ, ಕುರ್ಚಿ ಬಿಡಲು ಓಡಿದ್ದನ್ನು ನೋಡಿದ್ದು ಆವತ್ತೇ ಇರಬೇಕು. ಒಳಗೆ ಹೋಗಿ ನಮೂನೆಯಂತೆ ಮತ್ತೆ ಬರೆದುಕೊಟ್ಟರು. ಸ್ಪೀಕರ್ ಅದನ್ನೆಲ್ಲ ವಿಡಿಯೊ ಮಾಡಿಸಿದರು, ಆದರೆ ತೀರ್ಮಾನ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಇಲ್ಲಿ ಎರಡು ವಾದ ಇತ್ತು. ಶಾಸಕರ ಕಡೆಯವರು, ನಾನೇ ಖುದ್ದು ಬಂದು ಬಿಡುತ್ತೇನೆ ಅಂದಮೇಲೆ ಸ್ವಇಚ್ಛೆಗೆ ಇನ್ನೇನು ಸಾಕ್ಷಿ ಬೇಕು, ತಡ ಮಾಡುವುದು ಸರ್ಕಾರ ಉಳಿಸುವ ಆಟ ಅಂದರು. ಆಡಳಿತ ಪಕ್ಷದವರು, ಇದು ರಾಜೀನಾಮೆಯ ವೇಷದಲ್ಲಿರುವ ಪಕ್ಷಾಂತರ, ಮೊದಲು ಅನರ್ಹತೆಯ ದೂರು ತೀರ್ಮಾನ ಆಗಲಿ ಅಂದರು. ನಮ್ಮ ಪ್ರಕಾರ ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇತ್ತು. ಆ ತಡ ಸರ್ಕಾರಕ್ಕೆ ಉಸಿರಾಡಲು ಸಮಯ ಕೊಟ್ಟಿದ್ದು ಹೌದು. ಮುಂಬೈ ಹೋಟೆಲಿಂದ ಬಂದ ಗುಂಪು ರಾಜೀನಾಮೆಯನ್ನು ಆತ್ಮಸಾಕ್ಷಿ ಅನ್ನುವುದನ್ನು ನಂಬುವುದೂ ಕಷ್ಟ.

ಜುಲೈ 23ರಂದು ವಿಶ್ವಾಸಮತದಲ್ಲಿ 99ಕ್ಕೆ 105 ಮತ ಬಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಬಿತ್ತು. ಅದೇ ವಾರ ಸ್ಪೀಕರ್ ಎರಡು ಹಂತದಲ್ಲಿ 17 ಜನರನ್ನು ಅನರ್ಹಗೊಳಿಸಿದರು. 2023ರಲ್ಲಿ ಸಭೆಯ ಅವಧಿ ಮುಗಿಯುವವರೆಗೂ ಮತ್ತೆ ಬರುವಂತಿಲ್ಲ ಅಂದರು.

ನವೆಂಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎರಡೂ ಕಡೆಗೆ ಅರ್ಧ ಕೊಟ್ಟಿತು. ರಾಜೀನಾಮೆ ಪರಿಶೀಲಿಸುವಾಗ ಸ್ಪೀಕರ್ ನೋಡಬೇಕಾದದ್ದು ಸ್ವಇಚ್ಛೆಯದ್ದೇ, ನಿಜವೇ ಎಂಬುದನ್ನು ಮಾತ್ರ. ಹಿಂದಿನ ಉದ್ದೇಶ ಕೆದಕುವಂತಿಲ್ಲ. ಆದರೆ ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೂ ಮೊದಲು ಮಾಡಿದ ಪಕ್ಷಾಂತರದ ತಪ್ಪು ತೊಳೆದುಹೋಗಲ್ಲ. ಹಾಗಾಗಿ ಅನರ್ಹತೆ ಸರಿ. 2023ರವರೆಗೆ ಚುನಾವಣೆಗೆ ನಿಲ್ಲದಂತೆ ತಡೆಯುವ ಅಧಿಕಾರ ಮಾತ್ರ ಸ್ಪೀಕರ್‌ಗೆ ಇಲ್ಲ.

ಪರಿಣಾಮ ಬೇಗ ಕಂಡಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಬಿಜೆಪಿ 12 ಗೆದ್ದಿತು. ಫೆಬ್ರವರಿ ಮೊದಲ ವಾರ ಅವರಲ್ಲಿ 10 ಜನ ಮಂತ್ರಿಗಳಾದರು. ಸೋತವರಲ್ಲಿ ಒಬ್ಬರಾದ ಎಚ್. ವಿಶ್ವನಾಥ್ ಆಮೇಲೆ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆದರೆ ಅನರ್ಹರಾದವರು ಮತ್ತೆ ಚುನಾಯಿತರಾಗುವವರೆಗೆ ಮಂತ್ರಿಯಾಗುವಂತಿಲ್ಲ, ನಾಮಕರಣ ಚುನಾವಣೆ ಅಲ್ಲ ಅಂತ ಹೈಕೋರ್ಟ್ ತಡೆಯಿತು.

ಸಿಂಹಾಸನ ಬಿಡುವುದು ಇನ್ನೂ ಕಷ್ಟ

ರಾಜನಿಗೆ ಮೇಲಿನವರು ಯಾರೂ ಇಲ್ಲವಲ್ಲ, ಬೇಕಾದಾಗ ಎದ್ದು ಹೋಗಬಹುದು ಅನ್ನಿಸುತ್ತದೆ. ಆಗುವುದು ತಿರುಗುಮುರುಗು.

ಬ್ರಿಟನ್ನಿನ ಎಂಟನೇ ಎಡ್ವರ್ಡ್ 1936ರ ಡಿಸೆಂಬರ್ 10ರಂದು ಮೂವರು ತಮ್ಮಂದಿರ ಎದುರು ಸಿಂಹಾಸನ ತ್ಯಾಗದ ಪತ್ರಕ್ಕೆ ಸಹಿ ಹಾಕಿದ. ಆದರೂ ಆವತ್ತು ಆತ ರಾಜನೇ. ಮರುದಿನ ಸಂಸತ್ತು ಕಾಯ್ದೆ ಮಾಡಿದಮೇಲೆ ಇಳಿದ. ಐರ್ಲೆಂಡ್ ತನ್ನ ಕಾನೂನು ಮಾಡಿದ್ದು 12ಕ್ಕೆ. ಹಾಗಾಗಿ ಅಲ್ಲಿ ಇನ್ನೂ ಒಂದು ದಿನ ಆತನೇ ರಾಜ!

ಜಪಾನಿನ ಚಕ್ರವರ್ತಿ ಅಕಿಹಿಟೊ ಅವರದ್ದು ಇದಕ್ಕಿಂತ ಸೂಕ್ಷ್ಮ. ಅಲ್ಲಿನ ರಾಜಮನೆತನದ ಕಾನೂನಿನಲ್ಲಿ ಬದುಕಿರುವಾಗಲೇ ಸಿಂಹಾಸನ ಬಿಡುವ ದಾರಿಯೇ ಇರಲಿಲ್ಲ. ಬಿಡಲು ಕೇಳುವುದೂ ರಾಜಕೀಯ, ರಾಜಕೀಯ ಮಾತಾಡುವ ಹಕ್ಕು ಚಕ್ರವರ್ತಿಗೆ ಇಲ್ಲ. 2016ರ ಆಗಸ್ಟ್‌ನಲ್ಲಿ ಟಿವಿಯಲ್ಲಿ ಮಾತಾಡಿದಾಗ ಅವರು ವಯಸ್ಸಾಗಿದೆ, ಕೆಲಸ ಮಾಡುವುದು ಕಷ್ಟವಾಗುತ್ತಿದೆ ಅಂದರೇ ಹೊರತು ಬಿಡುತ್ತೇನೆ ಎಂಬ ಪದ ಬಳಸಲಿಲ್ಲ. ಜನ ಅರ್ಥ ಮಾಡಿಕೊಂಡರು. 2017ರಲ್ಲಿ ಅವರೊಬ್ಬರಿಗೆಂದೇ ವಿಶೇಷ ಕಾಯ್ದೆಯಾಯಿತು. 2019ರ ಏಪ್ರಿಲ್ 30ಕ್ಕೆ ಇಳಿದರು.

ನಮ್ಮ ಮೈಸೂರಿನದ್ದು ಮೂರನೇ ಬಗೆ. ಜಯಚಾಮರಾಜ ಒಡೆಯರ್ ಒಂದೇ ಸಲ ಎದ್ದು ಹೋಗಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿದರು. 1947ರ ಆಗಸ್ಟ್‌ನಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ. ‘ಮೈಸೂರು ಚಲೋ’ ಚಳವಳಿ ಜೋರಾದಮೇಲೆ ಅಕ್ಟೋಬರ್‌ನಲ್ಲಿ ಜವಾಬ್ದಾರಿ ಸರ್ಕಾರ. 1950ರಿಂದ ರಾಜಪ್ರಮುಖ, ಅಂದರೆ ರಾಜ್ಯಪಾಲರಂಥ ಹುದ್ದೆ. 1956ರಲ್ಲಿ ವಿಶಾಲ ಮೈಸೂರಿನ ರಾಜ್ಯಪಾಲ. ನಿನ್ನೆಯ ಮಹಾರಾಜರು ಅದೇ ನಾಡಿಗೆ ರಾಷ್ಟ್ರಪತಿ ನೇಮಿಸಿದ ಹುದ್ದೆಯಲ್ಲಿ ಕೂತರು. ವರ್ಷಕ್ಕೆ 26 ಲಕ್ಷ ರೂಪಾಯಿಯ ರಾಜಧನ ಇತ್ತು. 1971ರ 26ನೇ ತಿದ್ದುಪಡಿ ಅದನ್ನೂ ತೆಗೆಯಿತು.

ಮೂರು ಕಡೆಯೂ ಸಿಂಹಾಸನ ಕೂತವರ ಸ್ವಂತ ಸೊತ್ತಲ್ಲ ಎಂಬ ತಿಳಿವಳಿಕೆ ಇತ್ತು. ಅದಕ್ಕೇ ಬರೀ ಸಹಿಯಿಂದ ಕೆಲಸ ಆಗಲಿಲ್ಲ, ಕಾನೂನು ಬೇಕಾಯಿತು.

ಕೊಟ್ಟದ್ದನ್ನು ವಾಪಸ್ ತಗೋಬಹುದಾ?

1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟ್ ಸರ್ಕಾರವನ್ನು ಟೀಕಿಸಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಮೂರು ದಿನಕ್ಕೆ ವಾಪಸ್ ತಗೊಂಡರು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ವಿವಾದದಲ್ಲಿ ಮತ್ತೆ ಕೊಟ್ಟರು, ಆಗ ವಾಪಸ್ ಬರಲಿಲ್ಲ. ಮೊದಲನೆಯದ್ದು ನೈತಿಕತೆಯೋ ನಾಟಕವೋ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ.

ಕಾನೂನಿನ ಪ್ರಕಾರ ರಾಜೀನಾಮೆ ಜಾರಿಗೆ ಬರುವ ಕ್ಷಣವೇ ಗಡಿ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರ 1977ರ ಮೇ ತಿಂಗಳಲ್ಲಿ ಪತ್ರ ಬರೆದು, ಆಗಸ್ಟ್ 1ರಿಂದ ಹುದ್ದೆ ಬಿಡುತ್ತೇನೆ ಅಂದರು. ಜುಲೈನಲ್ಲಿ ಮನಸ್ಸು ಬದಲಾಯಿತು. ಆ ದಿನ ಬಂದಿಲ್ಲವಾದ್ದರಿಂದ ವಾಪಸ್ ತಗೋಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ‘ತಕ್ಷಣದಿಂದ’ ಅಂತ ಬರೆದಿದ್ದರೆ ಆ ದಾರಿ ಇರುತ್ತಿರಲಿಲ್ಲ. ಸುದ್ದಿಯಲ್ಲಿ ಆ ಒಂದು ಪದ ಇದೆಯೇ ಅಂತ ನೋಡಬೇಕಾದದ್ದು ಇದಕ್ಕೇ.

ಗಡಿ ದಾಟಿದಮೇಲೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರ ನೋಡಿ. 2022ರ ಜೂನ್ 29ರಂದು ವಿಶ್ವಾಸಮತಕ್ಕೆ ಒಂದು ದಿನ ಮೊದಲೇ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ರಾಜೀನಾಮೆ ಕೊಟ್ಟರು. ವಿಶ್ವಾಸಮತಕ್ಕೆ ರಾಜ್ಯಪಾಲರು ಕರೆದದ್ದೇ ತಪ್ಪು ಅಂತ 2023ರ ಮೇ 11ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ ಹಳೇ ಸರ್ಕಾರವನ್ನು ಕೂರಿಸಲಿಲ್ಲ. ವಿಶ್ವಾಸಮತ ಎದುರಿಸದೆ ತಾವಾಗಿಯೇ ಬಿಟ್ಟು ಹೋಗಿದ್ದಾರೆ, ಇನ್ನು ವಾಪಸ್ ಕೊಡಿಸಲಾಗದು ಅಂದಿತು. ಸೋಲುವ ಅವಮಾನ ತಪ್ಪಿಸಲು ಎದ್ದು ಹೋದದ್ದು, ಗೆಲ್ಲಬಹುದಾಗಿದ್ದ ಕೇಸನ್ನೂ ಕೊಂಡೊಯ್ದಿತು.

ಬಿಡದಿದ್ದರೆ?

ಬಿಡಲೊಲ್ಲದವರನ್ನು ಏನು ಮಾಡುವುದು? ಮಂತ್ರಿಯಾದರೆ ಸುಲಭ. 2025ರ ಆಗಸ್ಟ್ 11ರಂದು ಕರ್ನಾಟಕದ ಸಹಕಾರ ಮಂತ್ರಿ ಕೆ.ಎನ್. ರಾಜಣ್ಣ ರಾಜೀನಾಮೆ ಕೊಟ್ಟರು ಅಂತಲೇ ಮೊದಲು ಸುದ್ದಿ ಓಡಿತು. ಆಮೇಲೆ ನೋಡಿದರೆ ಅದು ಮುಖ್ಯಮಂತ್ರಿ ಸಲಹೆಯಂತೆ ರಾಜ್ಯಪಾಲರು ಸಂಪುಟದಿಂದ ಕೈಬಿಟ್ಟ ಆದೇಶ. ಮುಖ್ಯಮಂತ್ರಿಯೇ ಬಿಡದಿದ್ದರೆ ಕಷ್ಟ.

ದೆಹಲಿಯಲ್ಲಿ ಅರವಿಂದ ಕೇಜ್ರಿವಾಲ್ 2024ರ ಮಾರ್ಚ್ 21ರಂದು ಬಂಧನವಾದರು. ಜೈಲಿನಲ್ಲಿದ್ದರೂ ಮುಖ್ಯಮಂತ್ರಿಯಾಗಿ ಉಳಿದರು. ಸೆಪ್ಟೆಂಬರ್‌ನಲ್ಲಿ ಜಾಮೀನು ಸಿಕ್ಕು ಹೊರಗೆ ಬಂದಮೇಲೆ ರಾಜೀನಾಮೆ ಕೊಟ್ಟರು. ನಂತರ ಬಂದ ಆತಿಶಿ, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ಇಟ್ಟು, ಪಾದುಕೆ ಇಟ್ಟುಕೊಂಡು ರಾಜ್ಯ ಆಳಿದ ಭರತನ ಕಥೆ ಹೇಳಿದರು. ಭರತನ ಕಥೆಯಲ್ಲಿ ರಾಮನಿಗೆ ಅಧಿಕಾರ ಬೇಡವಾಗಿತ್ತು. ಇಲ್ಲಿ ಕುರ್ಚಿ ಖಾಲಿ ಇಟ್ಟದ್ದು ಅದು ಯಾರದ್ದು ಅಂತ ತೋರಿಸಲು.

ಇದರ ಬೆನ್ನಿಗೇ 130ನೇ ತಿದ್ದುಪಡಿ ಮಸೂದೆ ಬಂತು. 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಐದು ವರ್ಷ ಅಥವಾ ಹೆಚ್ಚು ಶಿಕ್ಷೆಯ ಆರೋಪದಲ್ಲಿ ಸತತ 30 ದಿನ ಬಂಧನದಲ್ಲಿದ್ದರೆ ಪ್ರಧಾನಿ, ಮುಖ್ಯಮಂತ್ರಿ, ಮಂತ್ರಿ ಯಾರಾದರೂ 31ನೇ ದಿನ ಹುದ್ದೆಯಲ್ಲಿ ಇರುವಂತಿಲ್ಲ. ಬಿಡುಗಡೆಯಾದರೆ ಮತ್ತೆ ನೇಮಕ ಆಗಬಹುದು.

ಸರ್ಕಾರದ ವಾದ ಸರಳ: ಜೈಲಿನಿಂದ ಆಡಳಿತ ನಡೆಸುವುದು ಸಭ್ಯತೆಯಲ್ಲ. ವಿರೋಧ ಪಕ್ಷಗಳ ವಾದವೂ ಸರಳ: ಬಂಧನ ಅಂದರೆ ಅಪರಾಧ ಸಾಬೀತಾದ ಹಾಗಲ್ಲ, ತನಿಖಾ ಸಂಸ್ಥೆಗಳು ಕೇಂದ್ರದ ಕೈಯಲ್ಲಿವೆ, ಜಾಮೀನು ಸಿಗದ ಕಾನೂನಿನಡಿ 30 ದಿನ ಒಳಗಿಡುವುದು ದೊಡ್ಡ ಕೆಲಸವಲ್ಲ. ಮಸೂದೆ ಕಾನೂನಾದರೆ ಚುನಾಯಿತ ಮುಖ್ಯಮಂತ್ರಿಯನ್ನು ಇಳಿಸುವ ಕೀಲಿ ಸದನದಿಂದ ಠಾಣೆಗೂ ಜಾಮೀನು ಕೋರ್ಟಿಗೂ ಹೋಗುತ್ತದೆ. ನೈತಿಕ ಹೊಣೆ ಹೊರಬೇಕು ಅಂತ ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಕ್ಯಾಲೆಂಡರ್ ನೋಡಿದರೆ ಸಾಕು. 1956ರಲ್ಲಿ ಅರಿಯಲೂರು ರೈಲು ಅಪಘಾತಕ್ಕೆ ರೈಲ್ವೆ ಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿ ಹುದ್ದೆ ಬಿಟ್ಟಾಗ ಯಾವ ಕಾನೂನೂ ಅವರನ್ನು ಇಳಿಸಿರಲಿಲ್ಲ.

ಬೇಲಿ ಎಲ್ಲಿ ಹಾಕಬೇಕು?

ರಾಜೀನಾಮೆ ಕೊಟ್ಟ ಶಾಸಕ ಆ ಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದು ಎಂಬ ಸಲಹೆ ಆಗಾಗ ಬರುತ್ತದೆ. ಅದಕ್ಕೆ ಎದುರು ವಾದ: ಮುಖ್ಯಮಂತ್ರಿ ಮೇಲೆ ಸಿಟ್ಟಾಗಿ, ತನ್ನ ಕ್ಷೇತ್ರಕ್ಕೆ ಅನ್ಯಾಯವಾಯಿತು ಅಂತ ಪ್ರಾಮಾಣಿಕವಾಗಿ ಬಿಡುವವನಿಗೂ ಅದೇ ಶಿಕ್ಷೆಯೇ? ಜನ ಮತ್ತೆ ಗೆಲ್ಲಿಸಿದರೆ ತಡೆಯಲು ನಾವ್ಯಾರು? ಈ ವಾದ ತೂಕದ್ದೇ. ಮಧ್ಯದ ದಾರಿಯೊಂದಿದೆ. ನಿಲ್ಲಲಿ, ಗೆಲ್ಲಲಿ, ಆದರೆ ಆ ಅವಧಿಯಲ್ಲಿ ಮಂತ್ರಿ ಅಥವಾ ನಿಗಮದ ಅಧ್ಯಕ್ಷ ಆಗುವಂತಿಲ್ಲ ಅನ್ನಬಹುದು. ಬಿಟ್ಟದ್ದಕ್ಕೆ ಪ್ರತಿಫಲ ಸಿಗದಿದ್ದರೆ, ಬಿಡಿಸಿಕೊಳ್ಳುವವರಿಗೆ ಆಮಿಷ ಒಡ್ಡಲು ಏನೂ ಉಳಿಯಲ್ಲ. ಇದನ್ನು ಯಾವ ಪಕ್ಷವೂ ಕೈಗೆತ್ತಿಕೊಳ್ಳದಿರುವುದು ಆಶ್ಚರ್ಯವಲ್ಲ. ಈ ವರ್ಷ ಕಳೆದುಕೊಂಡವರು ಮುಂದಿನ ವರ್ಷ ಪಡೆಯುವವರಾಗಬಹುದಲ್ವಾ?

ಇನ್ನೊಂದು ಸಮಸ್ಯೆ ಸ್ಪೀಕರ್ ಪೀಠದ್ದು. ಅಲ್ಲಿ ಕೂರುವವರು ಪಕ್ಷದಿಂದಲೇ ಬಂದವರು. ಅನರ್ಹತೆಯ ತೀರ್ಮಾನವನ್ನು ಸ್ವತಂತ್ರ ನ್ಯಾಯಮಂಡಳಿಗೆ ಕೊಡುವ ಬಗ್ಗೆ ಸಂಸತ್ತು ಯೋಚಿಸಲಿ ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೆಲಂಗಾಣದ ಪಕ್ಷಾಂತರಿ ಶಾಸಕರ ಅನರ್ಹತೆ ಪ್ರಕರಣದಲ್ಲಿ 2025ರ ಜುಲೈ 31ರಂದು ಸ್ಪೀಕರ್‌ಗೆ ಮೂರು ತಿಂಗಳ ಗಡುವು ಕೊಟ್ಟಿತು. ಪೀಠ ಬದಲಾಗಿಲ್ಲ, ಗಡಿಯಾರ ಮಾತ್ರ ಬಂದಿದೆ.

2019ರ ಜುಲೈ 29ರಂದು ಯಡಿಯೂರಪ್ಪ ಸರ್ಕಾರ ಧ್ವನಿಮತದಿಂದ ವಿಶ್ವಾಸಮತ ಗೆದ್ದಿತು. ಅದಾದಮೇಲೆ ರಮೇಶ್ ಕುಮಾರ್ ಪೀಠದಿಂದ ಮಾತಾಡಿ, ತಮ್ಮ ರಾಜೀನಾಮೆಯನ್ನು ಉಪ ಸ್ಪೀಕರ್ ಕೃಷ್ಣಾ ರೆಡ್ಡಿ ಕೈಗೆ ಕೊಟ್ಟರು. ಮೂರು ವಾರ ಬೇರೆಯವರ ಪತ್ರಗಳನ್ನು ತೂಗಿ ನೋಡಿದ ಸ್ಪೀಕರ್ ಅವರು. ಅವರ ಸ್ವಂತ ಪತ್ರಕ್ಕೆ ಯಾರ ಅಂಗೀಕಾರವೂ ಬೇಕಿರಲಿಲ್ಲ.